ಸೊರಗುವ ಕೈ, ಕಿವಿಗೊಡುವ ಸೂಜಿ

ಅಂಗಿಯ ಗುಂಡಿ ಹಾಕಿಕೊಳ್ಳಲು, ಬೀಗದಲ್ಲಿ ಕೀಲಿಕೈ ತಿರುಗಿಸಲು, ತಟ್ಟೆಯಲ್ಲಿ ಅನ್ನ ಕಲಸಲು, ಮೂರು ಗಂಟೆ ಕುಳಿತು ಪರೀಕ್ಷೆ ಬರೆಯಲು ತೋಳಿನ ಬಲವೊಂದೇ ಸಾಲದು. ಈ ಕೆಲಸಗಳನ್ನು ನಾಜೂಕಾಗಿ ನಡೆಸಿಕೊಡುವುದು ಅಂಗೈಯಲ್ಲೇ ಅಡಗಿರುವ ಸುಮಾರು ಇಪ್ಪತ್ತು ಪುಟ್ಟ ಸ್ನಾಯುಗಳು. ಬೆಂಗಳೂರಿನ ಹೊರವಲಯದ ದುಡಿಮೆಯಂತೂ ಇವುಗಳ ಮೇಲೆಯೇ ನಿಂತಿದೆ. ಪೀಣ್ಯದ ಶೆಡ್ಡುಗಳಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವವರು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸರ್ಕ್ಯೂಟ್ ಬೋರ್ಡಿಗೆ ಬಿಡಿಭಾಗಗಳನ್ನು ಕೂರಿಸುವವರು, ವೈಟ್‌ಫೀಲ್ಡಿನಲ್ಲಿ ದಿನವಿಡೀ ಕಂಪ್ಯೂಟರ್ ಕೀಲಿಮಣೆ ಒತ್ತುವವರು, ನಾಳೆ ಇವರ ಜಾಗಕ್ಕೆ ಬರಲಿರುವ ಐ.ಟಿ.ಐ., ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಎಲ್ಲರ ಅನ್ನದ ದಾರಿಯೂ ಬೆರಳ ತುದಿಯಲ್ಲಿದೆ.

ಹೀಗಿರುವಾಗ ಹದಿನೆಂಟು ವರ್ಷದ ಹುಡುಗನೊಬ್ಬನ ಬಲಗೈ ನಿಧಾನವಾಗಿ ಸೊರಗತೊಡಗಿತು ಎಂದುಕೊಳ್ಳೋಣ. ನೋವಿಲ್ಲ, ಜೋಮಿಲ್ಲ. ಆದರೆ ಪೆನ್ನು ಜಾರುತ್ತದೆ, ಅಕ್ಷರ ಕೆಡುತ್ತದೆ, ಸ್ಕ್ರೂ ಬಿಗಿ ಮಾಡಲು ಆಗುವುದಿಲ್ಲ. ಬೆರಳ ಮೂಳೆಗಳ ನಡುವೆ ಕಾಲುವೆ ತೋಡಿದಂತೆ ಗುಳಿ ಬೀಳುತ್ತದೆ. ಇಂಥ ಹೊತ್ತಿನಲ್ಲಿ ಮನೆಯವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಮೊದಲನೆಯದು, ಇದು ಬರೀ ಅಶಕ್ತಿ ಎಂದು ಟಾನಿಕ್ಕು, ಎಣ್ಣೆ ನೀವುವುದು, ಜಿಮ್ಮು ಎಂದು ವರ್ಷ ಕಳೆಯುವುದು. ಎರಡನೆಯದು, ಕಂಪ್ಯೂಟರಿನಲ್ಲಿ ಹುಡುಕಿ, ‘ಮೋಟಾರ್ ನ್ಯೂರಾನ್ ಕಾಯಿಲೆ’ ಎಂಬ ಹೆಸರು ಕಣ್ಣಿಗೆ ಬಿದ್ದೊಡನೆ ಎಲ್ಲ ಮುಗಿಯಿತೆಂದು ಕೈಚೆಲ್ಲುವುದು. ಕೈ ಸೊರಗಲು ಹತ್ತಾರು ಕಾರಣಗಳಿವೆ. ಕೆಲವನ್ನು ಪೂರ್ತಿ ಗುಣಪಡಿಸಬಹುದು, ಕೆಲವು ತಾವಾಗಿಯೇ ನಿಲ್ಲುತ್ತವೆ, ಒಂದೆರಡು ಮಾತ್ರ ನಿಲ್ಲದೆ ಮುಂದುವರಿಯುತ್ತವೆ. ಯಾವುದು ಯಾವುದೆಂದು ಬೇರ್ಪಡಿಸುವಲ್ಲಿ ವೈದ್ಯರಿಗೆ ನೆರವಾಗುವುದು ನರ ಮತ್ತು ಸ್ನಾಯುಗಳ ವಿದ್ಯುತ್ ಪರೀಕ್ಷೆ.

ದೋಷ ಎಲ್ಲಿದೆ?

ಕಾರ್ಖಾನೆಯಲ್ಲಿ ಮೋಟಾರು ತಿರುಗದಿದ್ದರೆ ಎಲೆಕ್ಟ್ರೀಷಿಯನ್ ತಕ್ಷಣ ಮೋಟಾರನ್ನು ಬಿಚ್ಚುವುದಿಲ್ಲ. ಪ್ಯಾನೆಲ್ಲಿನಲ್ಲಿ ಕರೆಂಟ್ ಇದೆಯೇ, ಕೇಬಲ್ಲು ನಡುವೆ ತುಂಡಾಗಿದೆಯೇ, ಒಳಗಿನ ವೈಂಡಿಂಗ್ ಸುಟ್ಟಿದೆಯೇ ಎಂದು ಒಂದೊಂದಾಗಿ ನೋಡುತ್ತಾನೆ. ಕೈಯ ವಿಷಯದಲ್ಲೂ ಕ್ರಮ ಇದೇ. ಮಿದುಳಿನ ಹೊರಪದರದಲ್ಲಿರುವ ಮೇಲಣ ಚಾಲಕ ನರಕೋಶಗಳು ಆಜ್ಞೆ ಕಳುಹಿಸುತ್ತವೆ. ಅದು ಬೆನ್ನುಹುರಿಯ ಮುಂಭಾಗದಲ್ಲಿರುವ ಕೆಳಗಣ ಚಾಲಕ ನರಕೋಶಗಳಿಗೆ ತಲುಪುತ್ತದೆ. ಅಂಗೈ ಸ್ನಾಯುಗಳನ್ನು ಆಳುವ ಕೋಶಗಳು ಇರುವುದು ಕತ್ತಿನ ಬುಡದಲ್ಲಿ. ಅಲ್ಲಿಂದ ಹೊರಟ ಎಳೆ ಕಂಕುಳು, ಮೊಣಕೈ, ಮಣಿಕಟ್ಟುಗಳನ್ನು ದಾಟಿ ಸ್ನಾಯುವನ್ನು ಮುಟ್ಟುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಒಂದು ಕೋಶಕ್ಕೆ ಮುಕ್ಕಾಲು ಮೀಟರಿನಷ್ಟು ಉದ್ದದ ಬಾಲ!

ಒಂದು ನರಕೋಶ ಒಂದೇ ಸ್ನಾಯುತಂತುವನ್ನು ಆಳುವುದಿಲ್ಲ. ಅದರ ಎಳೆ ತುದಿಯಲ್ಲಿ ಕವಲೊಡೆದು ಹಲವಾರು ತಂತುಗಳಿಗೆ ಹಂಚಿಹೋಗುತ್ತದೆ. ಒಂದು ನರಕೋಶ ಮತ್ತು ಅದರ ಅಧೀನದಲ್ಲಿರುವ ತಂತುಗಳೆಲ್ಲ ಸೇರಿ ಒಂದು ‘ಚಾಲಕ ಘಟಕ’. ನರಕೋಶ ಸತ್ತರೆ ಅದರ ತಂತುಗಳು ಅನಾಥವಾಗಿ ಸೊರಗುತ್ತವೆ. ದೋಷ ಕತ್ತಿನ ಕೋಶದಲ್ಲಿರಲಿ, ಮೊಣಕೈಯ ನರದಲ್ಲಿರಲಿ, ಹೊರಗೆ ಕಾಣುವುದು ಅದೇ ಬಡಕಲು ಕೈ. ಆದ್ದರಿಂದ ಕಣ್ಣಿನಿಂದ ನೋಡಿದ್ದಷ್ಟೇ ತೀರ್ಮಾನಕ್ಕೆ ಸಾಲದು.

ಹೆದರಿಸುವ ಹೆಸರು

ಮೇಲಣ ಮತ್ತು ಕೆಳಗಣ ಚಾಲಕ ನರಕೋಶಗಳು ಒಟ್ಟಿಗೆ ಸಾಯುತ್ತಾ ಹೋಗುವ ಕಾಯಿಲೆಯನ್ನು ಫ್ರಾನ್ಸಿನ ಷಾರ್ಕೋ 1869ರಲ್ಲಿ ವಿವರಿಸಿದ. ಅದರ ಪೂರ್ಣ ಹೆಸರು ಅಮಯೊಟ್ರೋಫಿಕ್ ಲ್ಯಾಟರಲ್ ಸ್ಕ್ಲೀರೋಸಿಸ್, ಚಿಕ್ಕದಾಗಿ ಎ.ಎಲ್.ಎಸ್. ಮೋಟಾರ್ ನ್ಯೂರಾನ್ ಕಾಯಿಲೆಗಳಲ್ಲಿ ಇದೇ ಮುಖ್ಯವಾದದ್ದು. ಕೈ, ಕಾಲು, ನಾಲಿಗೆ, ಗಂಟಲು, ಕೊನೆಗೆ ಉಸಿರಾಟದ ಸ್ನಾಯುಗಳನ್ನೂ ಅದು ಆವರಿಸುತ್ತದೆ. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ 1963ರಲ್ಲಿ, 21ನೇ ವಯಸ್ಸಿನಲ್ಲಿ ಇದು ಪತ್ತೆಯಾಯಿತು. ಅವರು 2018ರವರೆಗೆ, 76 ವರ್ಷ ಬದುಕಿದ್ದು ಅಪರೂಪದ ಸಂಗತಿ. ಪಾಶ್ಚಾತ್ಯ ದೇಶಗಳ ಲೆಕ್ಕದಂತೆ ಇದು ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಹೊಸದಾಗಿ ಬರುವ ಕಾಯಿಲೆ. ಅಲ್ಲಿ ಅರ್ಧದಷ್ಟು ರೋಗಿಗಳು ಲಕ್ಷಣ ಕಾಣಿಸಿಕೊಂಡ ಎರಡರಿಂದ ನಾಲ್ಕು ವರ್ಷಗಳೊಳಗೆ ತೀರಿಕೊಳ್ಳುತ್ತಾರೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮೂವತ್ತು ವರ್ಷಗಳಲ್ಲಿ ತನ್ನಲ್ಲಿಗೆ ಬಂದ 1153 ಎ.ಎಲ್.ಎಸ್. ರೋಗಿಗಳ ವಿವರಗಳನ್ನು 2008ರಲ್ಲಿ ಪ್ರಕಟಿಸಿತು. ಅದರ ಪ್ರಕಾರ ಇಲ್ಲಿ ಕಾಯಿಲೆ ಶುರುವಾಗುವ ಸರಾಸರಿ ವಯಸ್ಸು 46. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಇದು ಸುಮಾರು ಒಂದು ದಶಕದಷ್ಟು ಮುಂಚೆ. ಬದುಕುಳಿಯುವ ಅವಧಿಯೂ ಇಲ್ಲಿ ಹೆಚ್ಚೆಂದು ಕಂಡುಬಂತು. ದಕ್ಷಿಣ ಭಾರತದಲ್ಲೇ ಹೆಚ್ಚಾಗಿ ಕಾಣುವ ಇನ್ನೊಂದು ಬಗೆಯೂ ಉಂಟು. ಎಳೆವಯಸ್ಸಿನಲ್ಲಿ ಶುರುವಾಗಿ, ಕೈಕಾಲಿನ ಸೊರಗಿನ ಜೊತೆಗೆ ಕಿವುಡನ್ನೂ ತರುವ ಇದನ್ನು 1970ರಲ್ಲಿ ಮದರಾಸಿನ ವೈದ್ಯರು ವರದಿ ಮಾಡಿದ್ದರಿಂದ ‘ಮದರಾಸ್ ಮಾದರಿ’ ಎಂದೇ ಅದಕ್ಕೆ ಹೆಸರು ಬಂತು. ಹೀಗೆ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಗತಿಯ ಕಾಯಿಲೆಗಳಿವೆ ಎಂಬುದನ್ನು ಮೊದಲಿಗೇ ನೆನಪಿಡಬೇಕು.

ನರದಲ್ಲಿ ಓಡುವ ವೇಗ

ವಿದ್ಯುತ್ ಪರೀಕ್ಷೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ನರವಹನ ಪರೀಕ್ಷೆ. ಹೆಬ್ಬೆರಳ ಬುಡದ ದಿಬ್ಬದ ಮೇಲೆ ಒಂದು ಪುಟ್ಟ ಲೋಹದ ಬಿಲ್ಲೆ ಅಂಟಿಸುತ್ತಾರೆ. ಮಣಿಕಟ್ಟಿನ ನಡುವೆ ಹಾದುಹೋಗುವ ಮೀಡಿಯನ್ ನರದ ಮೇಲೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನ ವಿದ್ಯುತ್ ಸ್ಪಂದ ಕೊಡುತ್ತಾರೆ. ಚಟಕ್ಕೆಂದು ಹೆಬ್ಬೆರಳು ಹಾರುತ್ತದೆ. ಸ್ನಾಯು ಹೊಮ್ಮಿಸಿದ ವಿದ್ಯುತ್ತು ಪರದೆಯ ಮೇಲೆ ಗುಡ್ಡದಂತೆ ಮೂಡುತ್ತದೆ. ಗುಡ್ಡದ ಎತ್ತರ ಕೆಲವು ಮಿಲಿವೋಲ್ಟ್. ಹತ್ತು ಮಿಲಿವೋಲ್ಟ್ ಎಂದರೆ ಟಾರ್ಚಿನ ಒಂದು ಸೆಲ್ಲಿನ 150ರಲ್ಲಿ ಒಂದು ಪಾಲು. ಸ್ಪರ್ಶ ತಿಳಿಸುವ ನರಗಳ ಸಂಕೇತ ಇನ್ನೂ ಸಣ್ಣದು. ಅದನ್ನು ಅಳೆಯುವುದು ಮೈಕ್ರೋವೋಲ್ಟಿನಲ್ಲಿ, ಅಂದರೆ ವೋಲ್ಟಿನ ಹತ್ತು ಲಕ್ಷದ ಒಂದು ಪಾಲಿನ ಲೆಕ್ಕದಲ್ಲಿ.

ವೇಗದ ಲೆಕ್ಕ ಹೈಸ್ಕೂಲು ವಿದ್ಯಾರ್ಥಿಗೂ ತಿಳಿಯುವಂಥದ್ದು. ಮಣಿಕಟ್ಟಿನಲ್ಲಿ ಸ್ಪಂದ ಕೊಟ್ಟಾಗ 3.5 ಮಿಲಿಸೆಕೆಂಡಿಗೆ ಉತ್ತರ ಬಂತು, ಮೊಣಕೈ ಬಳಿ ಕೊಟ್ಟಾಗ 7.5 ಮಿಲಿಸೆಕೆಂಡಿಗೆ ಬಂತು ಎಂದಿಟ್ಟುಕೊಳ್ಳಿ. ಎರಡು ಜಾಗಗಳ ನಡುವಿನ ದೂರ 22 ಸೆಂಟಿಮೀಟರ್. ವ್ಯತ್ಯಾಸದ 4 ಮಿಲಿಸೆಕೆಂಡಿನಲ್ಲಿ 22 ಸೆಂಟಿಮೀಟರ್ ಎಂದರೆ ಸೆಕೆಂಡಿಗೆ 55 ಮೀಟರ್, ಗಂಟೆಗೆ 198 ಕಿಲೋಮೀಟರ್. ಆರೋಗ್ಯವಂತರ ಮುಂಗೈಯಲ್ಲಿ ವೇಗ ಸುಮಾರು ಇಷ್ಟೇ ಇರುತ್ತದೆ. ಕೈ ತಣ್ಣಗಿದ್ದರೆ ಒಂದೊಂದು ಡಿಗ್ರಿಗೂ ಈ ವೇಗ ಒಂದೆರಡು ಮೀಟರ್ ಇಳಿಯುತ್ತದೆ. ಡಿಸೆಂಬರ್ ಚಳಿಯಲ್ಲಿ ಸ್ಕೂಟರಿನ ಮೇಲೆ ಬಂದವನ ಕೈಯನ್ನು ಬೆಚ್ಚಗೆ ಮಾಡದೆ ಅಳೆದರೆ ಇಲ್ಲದ ಕಾಯಿಲೆ ಕಾಣಿಸಬಹುದು. ಒಳ್ಳೆಯ ಪ್ರಯೋಗಶಾಲೆಯಲ್ಲಿ ಮೊದಲು ಚರ್ಮದ ಉಷ್ಣತೆ ನೋಡುವುದು ಅದಕ್ಕಾಗಿಯೇ.

ಇಲ್ಲಿಂದ ಸಿಗುವ ಸುಳಿವುಗಳು ಮುಖ್ಯ. ಮಣಿಕಟ್ಟಿನ ಸುರಂಗದಲ್ಲಿ ಮೀಡಿಯನ್ ನರ ಅದುಮಿದ್ದರೆ ಅಲ್ಲಿ ಮಾತ್ರ ವೇಗ ಕುಗ್ಗುತ್ತದೆ. ಮೊಣಕೈಯಲ್ಲಿ ಅಲ್ನಾರ್ ನರ ಅದುಮಿದ್ದರೆ ಆ ತಿರುವಿನಲ್ಲಿ ಕುಗ್ಗುತ್ತದೆ. ನರದ ನಡುವೆ ಎಲ್ಲೋ ಸಂಕೇತವೇ ಮುಂದೆ ಹೋಗದಂತೆ ತಡೆಯುಂಟಾಗಿದ್ದರೆ ಅದು ಮಲ್ಟಿಫೋಕಲ್ ಮೋಟಾರ್ ನ್ಯೂರೋಪತಿ ಇರಬಹುದು. ಮೇಲ್ನೋಟಕ್ಕೆ ಮೋಟಾರ್ ನ್ಯೂರಾನ್ ಕಾಯಿಲೆಯಂತೆಯೇ ಕಾಣುವ ಇದಕ್ಕೆ ಇಮ್ಯುನೋಗ್ಲಾಬ್ಯುಲಿನ್ ಚಿಕಿತ್ಸೆ ಇದೆ. ಇದನ್ನು ಕಾಣದೆ ಬಿಟ್ಟರೆ ಸುಧಾರಿಸಬಹುದಾದ ರೋಗಿಯನ್ನು ಕೈಬಿಟ್ಟಂತೆ.

ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಸ್ನಾಯುವಿನ ಗುಡ್ಡ ಕುಗ್ಗುತ್ತದೆ, ಆದರೆ ಸ್ಪರ್ಶನರಗಳ ಸಂಕೇತ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಸ್ಪರ್ಶನರದ ಕೋಶಗಳು ಇರುವುದು ಬೆನ್ನುಹುರಿಯ ಹೊರಗಿನ ಗಂಟುಗಳಲ್ಲಿ. ಕಾಯಿಲೆ ಅವನ್ನು ಮುಟ್ಟುವುದಿಲ್ಲ. ಬಡಕಲಾದ ಕೈ, ಆದರೆ ಕೆಡದ ಸ್ಪರ್ಶ: ದೋಷ ಕೇಬಲ್ಲಿನಲ್ಲಲ್ಲ, ಬೆನ್ನುಹುರಿಯೊಳಗಿನ ಕೋಶದಲ್ಲಿದೆ ಎಂಬುದಕ್ಕೆ ಇದು ಮೊದಲ ಗುರುತು.

ಸ್ನಾಯುವಿನ ಸದ್ದು

ಎರಡನೆಯ ಭಾಗ ಎಲೆಕ್ಟ್ರೋಮಯೋಗ್ರಫಿ, ಅಂದರೆ ಇ.ಎಂ.ಜಿ. ಕೂದಲಿಗಿಂತ ಸ್ವಲ್ಪ ದಪ್ಪನೆಯ ಸೂಜಿಯನ್ನು ಸ್ನಾಯುವಿಗೆ ಚುಚ್ಚಿ ಅದರೊಳಗಿನ ವಿದ್ಯುತ್ತನ್ನು ಧ್ವನಿವರ್ಧಕದಲ್ಲಿ ಕೇಳುತ್ತಾರೆ, ಪರದೆಯಲ್ಲಿ ನೋಡುತ್ತಾರೆ. ಈ ಬಗೆಯ ಸೂಜಿಯನ್ನು 1929ರಲ್ಲಿ ಬಳಕೆಗೆ ತಂದವರು ಏಡ್ರಿಯನ್ ಮತ್ತು ಬ್ರಾಂಕ್ ಎಂಬ ವಿಜ್ಞಾನಿಗಳು. ಸೂಜಿಯ ಮೂಲಕ ಯಾವ ಔಷಧವನ್ನೂ ಕೊಡುವುದಿಲ್ಲ, ಕರೆಂಟನ್ನೂ ಹರಿಸುವುದಿಲ್ಲ. ಅದು ಬರೀ ಕಿವಿ. ಸ್ವಲ್ಪ ನೋವಾಗುವುದು ನಿಜ. ಆದರೆ ‘ಕರೆಂಟ್ ಕೊಟ್ಟು ಕೈ ಸುಡುತ್ತಾರೆ’ ಎಂಬ ಮಾತಿಗೆ ಆಧಾರವಿಲ್ಲ.

ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಸ್ನಾಯು ಮೌನವಾಗಿರುತ್ತದೆ. ನರ ಕಳೆದುಕೊಂಡ ತಂತುಗಳಾದರೋ ತಮ್ಮಷ್ಟಕ್ಕೆ ತಾವೇ ಮಿಡಿಯುತ್ತವೆ. ಆಗ ಧ್ವನಿವರ್ಧಕದಿಂದ ತಗಡಿನ ಮಾಡಿನ ಮೇಲೆ ಮಳೆ ಹನಿ ಬಿದ್ದಂಥ ಸದ್ದು ಬರುತ್ತದೆ. ಇದು ಸ್ನಾಯುವಿಗೆ ನರದ ಸಂಪರ್ಕ ಇತ್ತೀಚೆಗೆ ತಪ್ಪಿದೆ, ಇನ್ನೂ ತಪ್ಪುತ್ತಿದೆ ಎಂಬುದರ ಗುರುತು.

ಮುಂದಿನದು ಇನ್ನೂ ಸ್ವಾರಸ್ಯಕರ. ಒಂದು ನರಕೋಶ ಸತ್ತಾಗ ಅದರ ಅನಾಥ ತಂತುಗಳನ್ನು ಪಕ್ಕದ ನರದ ಎಳೆಗಳು ಚಿಗುರಿ ಬಂದು ವಹಿಸಿಕೊಳ್ಳುತ್ತವೆ. ಮನೆಯ ಯಜಮಾನ ತೀರಿಕೊಂಡಾಗ ಚಿಕ್ಕಪ್ಪ ಅಣ್ಣನ ಮಕ್ಕಳನ್ನೂ ಸಾಕಿದಂತೆ. ಹೀಗೆ ಉಳಿದ ಘಟಕಗಳು ದೊಡ್ಡದಾಗುತ್ತವೆ. ರೋಗಿ ಬೆರಳು ಮಡಿಸಿದಾಗ ಸಂಕೇತಗಳ ಸಂಖ್ಯೆ ಕಡಿಮೆ, ಆದರೆ ಒಂದೊಂದೂ ಭಾರಿ ಎತ್ತರ. ಈ ಹೊಂದಾಣಿಕೆಯಿಂದಾಗಿ ಅರ್ಧಕ್ಕರ್ಧ ನರಕೋಶಗಳು ಹೋದ ಮೇಲೂ ಕೈಯಲ್ಲಿ ಬಲ ಉಳಿದಿರಬಹುದು. ದೌರ್ಬಲ್ಯ ಮನೆಯವರ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗೆ ನಷ್ಟ ಬಹಳ ದೂರ ಸಾಗಿರುತ್ತದೆ. ‘ನೋವಿಲ್ಲವಲ್ಲ, ನೋಡೋಣ’ ಎಂದು ಕಾಯಬಾರದು ಎನ್ನುವುದು ಇದಕ್ಕೇ.

ಒಡೆದ ಕೈಯ ಒಗಟು

ಓದುಗರು ತಮ್ಮ ಅಂಗೈಯನ್ನೇ ಮುಂದೆ ಹಿಡಿದು ನೋಡಬಹುದು. ಹೆಬ್ಬೆರಳ ಬುಡದಲ್ಲಿ ಒಂದು ದಿಬ್ಬ, ಕಿರುಬೆರಳ ಬುಡದಲ್ಲಿ ಇನ್ನೊಂದು. ಅಂಗೈ ಮಗುಚಿ, ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿದರೆ ಅವೆರಡರ ನಡುವೆ ಮೂರನೆಯದೊಂದು ಸ್ನಾಯು ಗಡ್ಡೆಯಂತೆ ಉಬ್ಬುತ್ತದೆ. ಈ ಮೂರೂ ಸ್ನಾಯುಗಳಿಗೆ ನರಕೋಶ ಕತ್ತಿನ ಬುಡದ ಒಂದೇ ಪ್ರದೇಶದಲ್ಲಿದೆ. ಹೆಬ್ಬೆರಳ ದಿಬ್ಬಕ್ಕೆ ಬರುವುದು ಮೀಡಿಯನ್ ನರ. ಉಳಿದೆರಡಕ್ಕೂ ಅಲ್ನಾರ್ ನರ.

ಅಲ್ನಾರ್ ನರ ಕೆಟ್ಟರೆ ನಡುವಿನ ಸ್ನಾಯು, ಕಿರುಬೆರಳ ದಿಬ್ಬ ಎರಡೂ ಸೊರಗಬೇಕು. ಮೀಡಿಯನ್ ನರ ಕೆಟ್ಟರೆ ಹೆಬ್ಬೆರಳ ದಿಬ್ಬವೊಂದೇ ಸೊರಗಬೇಕು. ಎ.ಎಲ್.ಎಸ್. ಕಾಯಿಲೆಯಲ್ಲಿ ಹೆಚ್ಚಾಗಿ ಆಗುವುದು ಇವೆರಡೂ ಅಲ್ಲ. ಹೆಬ್ಬೆರಳ ದಿಬ್ಬ ಮತ್ತು ನಡುವಿನ ಸ್ನಾಯು ಕರಗುತ್ತವೆ, ಕಿರುಬೆರಳ ದಿಬ್ಬ ಮಾತ್ರ ತಕ್ಕಮಟ್ಟಿಗೆ ಉಳಿಯುತ್ತದೆ. ಯಾವ ಒಂದು ನರದ ದೋಷದಿಂದಲೂ ಇದನ್ನು ವಿವರಿಸಲಾಗದು. ಕೈಯನ್ನು ಉದ್ದಕ್ಕೆ ಸೀಳಿ ಹೆಬ್ಬೆರಳ ಪಾಲನ್ನು ಮಾತ್ರ ಒಣಗಿಸಿದಂತೆ ಕಾಣುವ ಈ ಲಕ್ಷಣಕ್ಕೆ ‘ಒಡೆದ ಕೈ’ ಎಂದು ಹೆಸರಾಗಿದೆ. ಹೀಗೇಕೆ ಎಂಬುದಕ್ಕೆ ಇನ್ನೂ ಒಮ್ಮತವಿಲ್ಲ. ಚಿಮುಟಿ ಹಿಡಿಯುವ ಕೆಲಸಕ್ಕೆ ಮನುಷ್ಯನ ಮಿದುಳು ಹೆಚ್ಚಿನ ಜಾಗ ಮೀಸಲಿಟ್ಟಿದೆ, ಅತಿಯಾದ ಪ್ರಚೋದನೆಗೆ ಸಿಕ್ಕಿ ಆ ದಾರಿಯ ಕೋಶಗಳೇ ಮೊದಲು ಬಳಲುತ್ತವೆ ಎಂಬುದು ಒಂದು ವಾದ. ಆ ನರದೆಳೆಗಳ ಗುಣವೇ ಬೇರೆ ಎಂಬುದು ಇನ್ನೊಂದು ವಾದ.

ಇದನ್ನು ಅಂಕಿಗೆ ಇಳಿಸುವ ವಿಧಾನವನ್ನು ಆಸ್ಟ್ರೇಲಿಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಹೆಬ್ಬೆರಳ ದಿಬ್ಬದ ಸಂಕೇತವನ್ನು ನಡುವಿನ ಸ್ನಾಯುವಿನ ಸಂಕೇತದಿಂದ ಗುಣಿಸಿ, ಕಿರುಬೆರಳ ದಿಬ್ಬದ ಸಂಕೇತದಿಂದ ಭಾಗಿಸಬೇಕು. ಉದಾಹರಣೆಗೆ ಆರೋಗ್ಯವಂತ ಕೈಯಲ್ಲಿ ಅವು ಕ್ರಮವಾಗಿ 9, 12 ಮತ್ತು 10 ಮಿಲಿವೋಲ್ಟ್ ಇದ್ದರೆ ಸೂಚ್ಯಂಕ 10.8. ರೋಗಿಯ ಕೈಯಲ್ಲಿ 3, 5 ಮತ್ತು 8 ಇದ್ದರೆ ಅದು 1.9ಕ್ಕಿಂತ ಕಡಿಮೆ. ಆ ಅಧ್ಯಯನದಲ್ಲಿ 5.2 ಮತ್ತು ಅದಕ್ಕಿಂತ ಕಡಿಮೆ ಬಂದದ್ದು ಎ.ಎಲ್.ಎಸ್. ಕಡೆಗೆ ಬೆರಳು ತೋರಿತು. ಆದರೆ ಇದು ಸುಳಿವು ಮಾತ್ರ, ತೀರ್ಪಲ್ಲ. ಕೆಲವು ಎ.ಎಲ್.ಎಸ್. ರೋಗಿಗಳಲ್ಲಿ ಸೂಚ್ಯಂಕ ಇಳಿದಿರುವುದಿಲ್ಲ, ಬೇರೆ ಕಾಯಿಲೆಯ ಕೆಲವರಲ್ಲಿ ಇಳಿದಿರುತ್ತದೆ.

ನಿಲ್ಲುವ ಸೊರಗು

ಈಗ ಆ ಹದಿನೆಂಟರ ಹುಡುಗನ ಕಡೆ ಬರೋಣ. ಅವನ ಸ್ಪರ್ಶನರಗಳು ಸರಿಯಾಗಿವೆ. ಸೂಜಿಯೂ ದೋಷ ನರಕೋಶದಲ್ಲೇ ಎನ್ನುತ್ತದೆ. ಹಾಗಾದರೆ ಹೆದರಿದ್ದೇ ನಿಜವಾಯಿತೇ? ಆಗಬೇಕಿಲ್ಲ. ಇಲ್ಲಿಯೇ ಬೆಂಗಳೂರಿನ ಕೊಡುಗೆ ಇರುವುದು.

ಜಪಾನಿನ ಹಿರಾಯಾಮಾ 1959ರಲ್ಲಿ ಯುವಕರ ಒಂದೇ ಕೈ ಸೊರಗುವ ಕಾಯಿಲೆಯನ್ನು ವರದಿ ಮಾಡಿದ್ದರು. 1984ರಲ್ಲಿ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಒಂದೇ ಕೈ ಅಥವಾ ಒಂದೇ ಕಾಲು ಸೊರಗಿದ 23 ರೋಗಿಗಳ ವಿವರವನ್ನು ಅಮೆರಿಕದ ನರವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟಿಸಿ, ಅದನ್ನು ‘ಮಾನೋಮೆಲಿಕ್ ಅಮಯೊಟ್ರೋಫಿ’, ಅಂದರೆ ಏಕಾಂಗ ಸ್ನಾಯುಕ್ಷಯ ಎಂದು ಕರೆದರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಈ ಹೆಸರು ನಿಂತಿತು. ಡಾ. ಗೌರಿದೇವಿ ಮುಂದೆ ಸಂಸ್ಥೆಯ ನಿರ್ದೇಶಕಿಯೂ ಆದರು. 1976ರಿಂದ 2010ರವರೆಗಿನ 35 ವರ್ಷಗಳಲ್ಲಿ ಅಲ್ಲಿ ನೋಡಿದ ಇಂಥ 279 ರೋಗಿಗಳ ಅಧ್ಯಯನವನ್ನು ಡಾ. ಎ. ನಳಿನಿ ಮತ್ತು ಸಂಗಡಿಗರು 2014ರಲ್ಲಿ ಹೊರತಂದರು.

ಈ ಕಾಯಿಲೆಯ ನಡೆಯೇ ಬೇರೆ. ಬರುವುದು ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ, ಅದೂ ಬಹುಪಾಲು ಹುಡುಗರಿಗೆ. ಕೆಲವು ವರ್ಷ ಮೆಲ್ಲಗೆ ಮುಂದುವರಿದು ಆಮೇಲೆ ನಿಂತುಬಿಡುತ್ತದೆ. ಜೀವಕ್ಕೆ ಅಪಾಯವಿಲ್ಲ. ಮುಂಗೈಯಲ್ಲಿ ಹೆಬ್ಬೆರಳ ಕಡೆಯ ಒಂದು ಸ್ನಾಯು ದಪ್ಪಗೆ ಉಳಿದು ಉಳಿದವು ಕರಗುವುದರಿಂದ ಓರೆಯಾಗಿ ಗೆರೆ ಎಳೆದಂತೆ ಕಾಣುತ್ತದೆ. ಚಳಿಯಲ್ಲಿ ಬೆರಳುಗಳು ಇನ್ನಷ್ಟು ಕೈಕೊಡುತ್ತವೆ. ಮುಂಜಾನೆಯ ಶಿಫ್ಟಿಗೆ ಬೈಕಿನಲ್ಲಿ ಹೊರಟವನಿಗೆ ಕ್ಲಚ್ ಹಿಡಿಯಲಾಗದು, ಎ.ಸಿ. ಕೋಣೆಯಲ್ಲಿ ಬೆರಳು ಬಿಡಿಸಲಾಗದು.

ವಿದ್ಯುತ್ ಪರೀಕ್ಷೆಯಲ್ಲಿ ಇದರ ಚಿತ್ರ ಎ.ಎಲ್.ಎಸ್.ಗೆ ಹೆಚ್ಚುಕಡಿಮೆ ತಿರುವುಮುರುವು. ಅಲ್ಲಿ ಹೆಬ್ಬೆರಳ ಪಾಲು ಮೊದಲು ಕುಗ್ಗಿದರೆ ಇಲ್ಲಿ ಕಿರುಬೆರಳ ದಿಬ್ಬದ ಸಂಕೇತ ಹೆಚ್ಚು ಕುಗ್ಗುತ್ತದೆ. ಎ.ಎಲ್.ಎಸ್.ನಲ್ಲಿ ಕಾಲು, ಬೆನ್ನು, ನಾಲಿಗೆಯ ಸ್ನಾಯುಗಳಲ್ಲೂ ಸೂಜಿ ದೋಷ ಕಾಣುತ್ತದೆ. ಇಲ್ಲಿ ಅದು ಕತ್ತಿನ ಕೆಳಭಾಗದಿಂದ ನರ ಪಡೆಯುವ ಸ್ನಾಯುಗಳಿಗೆ ಸೀಮಿತ. ಕೆಲವೊಮ್ಮೆ ಸರಿಯಾಗಿದೆ ಎಂದುಕೊಂಡ ಇನ್ನೊಂದು ಕೈಯಲ್ಲೂ ಅಲ್ಪಸ್ವಲ್ಪ ಕಾಣುವುದುಂಟು. ಅನುಮಾನ ಬಂದರೆ ಕತ್ತು ಮುಂದಕ್ಕೆ ಬಾಗಿಸಿಕೊಂಡ ಸ್ಥಿತಿಯಲ್ಲಿ ಎಂ.ಆರ್.ಐ. ತೆಗೆಯುತ್ತಾರೆ. ಹಲವರಲ್ಲಿ ಬೆನ್ನುಹುರಿಯ ಹೊದಿಕೆ ಬಿಗಿಯಾಗಿದ್ದು, ಕತ್ತು ಬಾಗಿದಾಗ ಅದು ಮುಂದೆ ಸರಿದು ಹುರಿಯನ್ನು ಮೂಳೆಗೆ ಅದುಮುವುದು ಅಲ್ಲಿ ಕಾಣುತ್ತದೆ. ಕತ್ತು ನೆಟ್ಟಗಿಟ್ಟು ತೆಗೆದ ಸಾಮಾನ್ಯ ಸ್ಕ್ಯಾನಿನಲ್ಲಿ ಇದು ತಪ್ಪಿಹೋಗಬಹುದು. ಬೇಗ ಪತ್ತೆಯಾದರೆ ಕತ್ತು ಬಾಗದಂತೆ ಪಟ್ಟಿ ಹಾಕಿ ಸೊರಗನ್ನು ಬೇಗ ನಿಲ್ಲಿಸಲು ಯತ್ನಿಸುತ್ತಾರೆ. ಕೆಲವರಿಗೆ ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಾರೆ. ಹಾಗೆಂದು ತಲೆ ತಗ್ಗಿಸಿ ಓದಿದ್ದಕ್ಕೆ, ಮೊಬೈಲ್ ನೋಡಿದ್ದಕ್ಕೆ ಈ ಕಾಯಿಲೆ ಬಂತೆಂದು ಮಗನನ್ನು ಬಯ್ಯುವುದು ಸರಿಯಲ್ಲ. ಲಕ್ಷಾಂತರ ಮಕ್ಕಳು ಬಾಗಿಯೇ ಓದುತ್ತಾರೆ. ಅವರಿಗೆ ಏನೂ ಆಗುವುದಿಲ್ಲ.

ಒಂದು ಕಾಯಿಲೆಗೂ ಇನ್ನೊಂದಕ್ಕೂ ಇರುವ ಅಂತರ ಇಲ್ಲಿ ಜೀವನದಷ್ಟೇ ದೊಡ್ಡದು. ‘ಮುಂದುವರಿಯುತ್ತದೆ’ ಎಂದರೆ ಓದು, ಕೆಲಸ, ಮದುವೆ, ಮನೆಯ ಸಾಲ ಎಲ್ಲದರ ಲೆಕ್ಕವೂ ಬದಲಾಗುತ್ತದೆ. ‘ನಿಲ್ಲುತ್ತದೆ’ ಎಂದರೆ ಒಂದು ಕೈ ಸ್ವಲ್ಪ ಬಡಕಲಾದ ಎಂಜಿನಿಯರು ಪೂರ್ತಿ ಆಯುಸ್ಸು ಬದುಕುತ್ತಾನೆ.

ಮರೆಯಬಾರದ ಬೇರೆ ಕಾರಣಗಳು

ಕಾರ್ಖಾನೆಗಳ ನೆರೆಯಲ್ಲಿ ಇನ್ನೂ ಕೆಲವನ್ನು ಗಮನದಲ್ಲಿಡಬೇಕು. ದಿನವಿಡೀ ಅದುರುವ ಗ್ರೈಂಡರ್ ಹಿಡಿಯುವವರಿಗೆ, ಒಂದೇ ಬಗೆಯಲ್ಲಿ ಮಣಿಕಟ್ಟು ಮಡಿಸಿ ಬಲ ಹಾಕುವವರಿಗೆ ಮಣಿಕಟ್ಟಿನ ನರ ಅದುಮುವುದುಂಟು. ಇಲ್ಲಿ ಜೋಮು, ರಾತ್ರಿ ಉರಿ ಇರುತ್ತದೆ. ಮೊಣಕೈಯನ್ನು ಗಟ್ಟಿ ಮೇಜಿನ ಮೇಲೆ ಊರಿ ಕೂರುವವರಿಗೆ ಅಲ್ನಾರ್ ನರ ಕೆಡಬಹುದು. ಬ್ಯಾಟರಿ ತಯಾರಿಕೆ, ಹಳೆಯ ಬ್ಯಾಟರಿ ಕರಗಿಸುವುದು ಮುಂತಾದ ಕೆಲಸಗಳಲ್ಲಿ ಸೀಸ ಮೈಸೇರಿದರೆ ಮಣಿಕಟ್ಟು ಜೋತುಬೀಳಬಹುದು. ಕುಷ್ಠರೋಗವಂತೂ ನಮ್ಮ ದೇಶದಲ್ಲಿ ಮರೆಯಬಾರದ ಕಾರಣ. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಅದು ನಿವಾರಣೆಯಾಯಿತೆಂದು 2005ರ ಕೊನೆಯ ಲೆಕ್ಕದಲ್ಲಿ ಸಾರಿದ ನಂತರವೂ ಹೊಸ ರೋಗಿಗಳು ಸಿಗುತ್ತಲೇ ಇದ್ದಾರೆ. ಮೊಣಕೈ ಬಳಿ ನರ ದಪ್ಪಗಾಗಿ, ಸ್ಪರ್ಶ ಹೋಗಿ, ಬೆರಳು ಕೊಕ್ಕೆಯಂತೆ ಬಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ಔಷಧದಿಂದ ರೋಗ ವಾಸಿಯಾಗುತ್ತದೆ.

ಹೆತ್ತವರು ಏನು ಮಾಡಬೇಕು?

ನೋವಿಲ್ಲದೆ ಕೈ ಸೊರಗುತ್ತಿದ್ದರೆ, ಹಿಡಿತ ತಪ್ಪುತ್ತಿದ್ದರೆ, ಚರ್ಮದ ಕೆಳಗೆ ಹುಳ ಹರಿದಂತೆ ಸ್ನಾಯು ಮಿಡಿಯುತ್ತಿದ್ದರೆ ನರರೋಗ ತಜ್ಞರನ್ನು ಕಾಣಬೇಕು. ಸೊರಗಿಲ್ಲದೆ ಆಗೊಮ್ಮೆ ಈಗೊಮ್ಮೆ ರೆಪ್ಪೆಯೋ ಮೀನಖಂಡವೋ ಮಿಡಿದರೆ ಅದು ಬಹುತೇಕ ಎಲ್ಲರಿಗೂ ಆಗುವಂಥದ್ದು. ಕಾರ್ಮಿಕ ವಿಮೆ ಇರುವ ಕುಟುಂಬಗಳಿಗೆ ಪೀಣ್ಯ ಮತ್ತು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗಳಿವೆ. ಹೆಚ್ಚಿನ ಪರೀಕ್ಷೆ ಬೇಕಾದಾಗ ತಜ್ಞರಿರುವ ಕಡೆಗೆ ಚೀಟಿ ಪಡೆಯಬಹುದು. ವೈಟ್‌ಫೀಲ್ಡಿನಲ್ಲಿ 2001ರಲ್ಲಿ ಶುರುವಾದ ಸತ್ಯಸಾಯಿ ಆಸ್ಪತ್ರೆಯಲ್ಲಿ ನರವಿಜ್ಞಾನ ವಿಭಾಗವಿದೆ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇದೆ. ಆ ಹೆಸರು ಕೇಳಿದೊಡನೆ ‘ಅದು ಮಾನಸಿಕ ಆಸ್ಪತ್ರೆಯಲ್ಲವೇ’ ಎಂದು ಹಿಂಜರಿಯುವವರು ಈಗಲೂ ಇದ್ದಾರೆ. ಅದರ ಹೆಸರಿನಲ್ಲೇ ಮಾನಸಿಕ ಆರೋಗ್ಯದ ಜೊತೆಗೆ ನರವಿಜ್ಞಾನವೂ ಇದೆ ಎಂಬುದನ್ನು ನೆನಪಿಸಬೇಕು.

ಪರೀಕ್ಷೆಯ ದಿನ ಕೈಗೆ ಎಣ್ಣೆ, ಕ್ರೀಮು ಹಚ್ಚಬಾರದು. ಪೇಸ್‌ಮೇಕರ್ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಬೇಕು. ಒಂದೇ ಪರೀಕ್ಷೆಯಿಂದ ತೀರ್ಮಾನ ಸಿಗದಿರಬಹುದು. ಕೆಲವು ತಿಂಗಳ ನಂತರ ಮತ್ತೆ ಮಾಡಿ ಹೋಲಿಸುವುದು ವೈದ್ಯರ ಅನುಮಾನವಲ್ಲ, ಎಚ್ಚರಿಕೆ. 2020ರಲ್ಲಿ ಪ್ರಕಟವಾದ ‘ಗೋಲ್ಡ್ ಕೋಸ್ಟ್’ ಮಾನದಂಡವೂ ಎ.ಎಲ್.ಎಸ್. ಎನ್ನಲು ದೌರ್ಬಲ್ಯ ಹೆಚ್ಚುತ್ತಾ ಹೋಗಿರಬೇಕು, ಬೇರೆ ಕಾರಣಗಳನ್ನು ಹುಡುಕಿ ತಳ್ಳಿಹಾಕಿರಬೇಕು ಎನ್ನುತ್ತದೆ. ಬರೀ ಇ.ಎಂ.ಜಿ. ವರದಿ ಹಿಡಿದು ಮನೆಯಲ್ಲಿ ತೀರ್ಪು ಕೊಡುವುದು ತಪ್ಪು. ಎ.ಎಲ್.ಎಸ್. ಎಂದೇ ಖಚಿತವಾದರೂ ಮಾಡುವುದೇನೂ ಇಲ್ಲವೆಂದಲ್ಲ. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರಿಲುಜೋಲ್ ಕಾಯಿಲೆಯನ್ನು ಕೆಲವು ತಿಂಗಳ ಮಟ್ಟಿಗೆ ನಿಧಾನಿಸುತ್ತದೆ. ಉಸಿರಾಟದ ನೆರವು, ನುಂಗುವ ತೊಂದರೆಗೆ ಆಹಾರದ ಏರ್ಪಾಡು, ಮಾತಿಗೆ ಸಾಧನ ಇವು ಬದುಕನ್ನು ಸಹನೀಯವಾಗಿಸುತ್ತವೆ.

ವಿದ್ಯಾರ್ಥಿಗೆ ಇನ್ನೊಂದು ಆತಂಕ ಪರೀಕ್ಷೆಯದು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಒಬ್ಬ ಅಭ್ಯರ್ಥಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2021ರ ಫೆಬ್ರುವರಿಯಲ್ಲಿ ಮಹತ್ವದ ತೀರ್ಪು ಕೊಟ್ಟಿತು. ಶೇ. 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಇಲ್ಲವೆಂಬ ಒಂದೇ ಕಾರಣಕ್ಕೆ ಬರಹಗಾರರ ನೆರವನ್ನು ನಿರಾಕರಿಸಬಾರದು ಎಂಬುದು ಅದರ ಸಾರ. ಕೇಂದ್ರ ಸರ್ಕಾರ 2022ರ ಆಗಸ್ಟಿನಲ್ಲಿ ಅದಕ್ಕೆ ತಕ್ಕಂತೆ ಮಾರ್ಗಸೂಚಿ ಹೊರಡಿಸಿತು. ಇದಕ್ಕೆ ಬೇಕಾದ ವೈದ್ಯಕೀಯ ಪತ್ರವನ್ನು ಪರೀಕ್ಷೆಯ ಹಿಂದಿನ ವಾರ ಹುಡುಕುವ ಬದಲು ಶಾಲೆಯ ಅಥವಾ ಕಾಲೇಜಿನ ವರ್ಷದ ಮೊದಲಲ್ಲೇ ಪಡೆದು, ಮಂಡಳಿಯ ಈಗಿನ ನಿಯಮ ವಿಚಾರಿಸಿ ಅರ್ಜಿ ಕೊಟ್ಟಿರುವುದು ಜಾಣತನ. ಎಡಗೈಯಲ್ಲಿ ಬರೆಯುವ, ಕೀಲಿಮಣೆ ಬಳಸುವ ಅಭ್ಯಾಸವನ್ನೂ ಆಗಲೇ ಶುರುಮಾಡಬಹುದು.

ಕೈಯ ಬಲ ಕುಗ್ಗಿದರೆ ಓದಿನ ಹಾದಿ ಮುಚ್ಚುವುದಿಲ್ಲ. ಆದರೆ ಯಾವ ಕಾಯಿಲೆಯೆಂದು ತಿಳಿಯದೆ ಕೂತ ಮನೆಯಲ್ಲಿ ಮಗನ ಓದೂ ಸಾಗುವುದಿಲ್ಲ, ಹೆತ್ತವರಿಗೆ ನಿದ್ದೆಯೂ ಬರುವುದಿಲ್ಲ. ಒಂದೆರಡು ಗಂಟೆಯ ಪರೀಕ್ಷೆ, ಹತ್ತಾರು ಸಣ್ಣ ಚುಚ್ಚು ಇವುಗಳಿಗೆ ಹೆದರಿ ವರ್ಷಗಟ್ಟಲೆ ಅನುಮಾನದಲ್ಲಿ ಬದುಕುವುದಕ್ಕಿಂತ, ಕೈ ಸೊರಗಿದ್ದು ಕಂಡ ತಿಂಗಳಲ್ಲೇ ವೈದ್ಯರ ಬಳಿ ಹೋಗುವುದು ಲೇಸು.